ಸುಟ್ಟ ಮೋಟರಿನ ಲೆಕ್ಕ: ಸಣ್ಣ ಕೈಗಾರಿಕೆಗಳಲ್ಲಿ ವಿದ್ಯುತ್ ಸೋರುವ ಜಾಗ

ಕಾರ್ಖಾನೆಯಲ್ಲಿ ಮೋಟರ್ ಸುಟ್ಟದ್ದು ಮೊದಲು ಗೊತ್ತಾಗುವುದು ಮೂಗಿಗೆ. ವಾರ್ನಿಷ್ ಕರಟಿದ ಘಾಟು ಶೆಡ್ಡಿನ ತುಂಬ ಹರಡುವಷ್ಟರಲ್ಲಿ ಸ್ಟಾರ್ಟರ್ ಟ್ರಿಪ್ ಆಗಿರುತ್ತದೆ, ಆಪರೇಟರ್ ಕೈಕಟ್ಟಿ ನಿಂತಿರುತ್ತಾನೆ, ಮಾಲೀಕರು ಫೋನಿನಲ್ಲಿ ವೈಂಡಿಂಗ್ ಅಂಗಡಿಯವರ ನಂಬರು ಹುಡುಕುತ್ತಿರುತ್ತಾರೆ. ಬೆಂಗಳೂರಿನ ಪೀಣ್ಯದಲ್ಲಾಗಲಿ, ಬೆಳಗಾವಿಯ ಫೌಂಡ್ರಿಗಳಲ್ಲಾಗಲಿ, ಗಂಗಾವತಿ ಸೀಮೆಯ ಅಕ್ಕಿ ಗಿರಣಿಗಳಲ್ಲಾಗಲಿ ಈ ದೃಶ್ಯ ಬೇರೆಯಾಗಿರುವುದಿಲ್ಲ. ಮುಂದಿನ ಅರ್ಧ ಗಂಟೆಯಲ್ಲಿ ಒಂದು ತೀರ್ಮಾನವಾಗುತ್ತದೆ: ಅದೇ ಮೋಟರನ್ನು ಬಿಚ್ಚಿ ರಿವೈಂಡಿಂಗಿಗೆ, ಎಂದರೆ ಸುಟ್ಟ ತಂತಿ ತೆಗೆದು ಹೊಸ ತಂತಿ ಸುತ್ತಿಸಲು, ಕಳಿಸಬೇಕೇ, ಹೊಸದನ್ನು ತರಬೇಕೇ? ಹೆಚ್ಚಿನ ಸಲ ಮೊದಲನೆಯದೇ ಗೆಲ್ಲುತ್ತದೆ. ವೈಂಡಿಂಗ್ ಅಂಗಡಿ ಎರಡು ಬೀದಿ ಆಚೆಗಿದೆ, ನಾಳೆ ಸಂಜೆಯೊಳಗೆ ಕೊಡುತ್ತೇನೆ ಎನ್ನುತ್ತಾರೆ, ಖರ್ಚು ಹೊಸ ಮೋಟರಿನ ಬೆಲೆಯ ಒಂದಂಶ ಮಾತ್ರ, ಮತ್ತು ಡೆಲಿವರಿ ಕೊಡಬೇಕಾದ ಆರ್ಡರು ಕಾಯುವುದಿಲ್ಲ.

ವಿದ್ಯುತ್ ಉಳಿತಾಯದ ಸಾರ್ವಜನಿಕ ಚರ್ಚೆಯಲ್ಲಿ ಈ ಅರ್ಧ ಗಂಟೆಗೆ ಜಾಗವೇ ಇಲ್ಲ. ಜಾಹೀರಾತುಗಳೂ ಅಭಿಯಾನಗಳೂ ಎಲ್‌ಇಡಿ ಬಲ್ಬು, ಐದು ನಕ್ಷತ್ರದ ಫ್ರಿಜ್ಜು, 24 ಡಿಗ್ರಿಯ ಏಸಿ ಇವುಗಳ ಸುತ್ತಲೇ ತಿರುಗುತ್ತವೆ. ಆದರೆ ಜಗತ್ತಿನಲ್ಲಿ ಬಳಕೆಯಾಗುವ ಒಟ್ಟು ವಿದ್ಯುತ್ತಿನಲ್ಲಿ ಶೇ 45ರ ಆಸುಪಾಸು ಮೋಟರುಗಳನ್ನು ತಿರುಗಿಸುವುದಕ್ಕೇ ಹೋಗುತ್ತದೆ ಎಂದು ಅಂತರರಾಷ್ಟ್ರೀಯ ಇಂಧನ ಸಂಸ್ಥೆ 2011ರಲ್ಲೇ ಅಂದಾಜಿಸಿತ್ತು. ಕೈಗಾರಿಕೆಯೊಂದನ್ನೇ ತೆಗೆದುಕೊಂಡರೆ ಈ ಪಾಲು ಮೂರರಲ್ಲಿ ಎರಡಕ್ಕೂ ಮಿಗಿಲು. ಪಂಪು, ಬ್ಲೋವರ್, ಕಂಪ್ರೆಸರ್, ಕನ್ವೇಯರ್, ಲೇತು, ಎಲಿವೇಟರ್ ಎಂದು ನಾವು ಕರೆಯುವ ಯಂತ್ರಗಳೆಲ್ಲ ವಿದ್ಯುತ್ ಮೀಟರಿನ ಕಣ್ಣಿಗೆ ಒಂದೇ: ಮೂರು ಫೇಸಿನ ಇಂಡಕ್ಷನ್ ಮೋಟರುಗಳು.

ಮೋಟರ್ ತಾನು ಪಡೆದ ವಿದ್ಯುತ್ತನ್ನೆಲ್ಲ ಶಾಫ್ಟಿಗೆ ಕೊಡುವುದಿಲ್ಲ. ಕೊಡದೆ ಉಳಿಸಿಕೊಂಡದ್ದೆಲ್ಲ ಶಾಖವಾಗುತ್ತದೆ. ಮೋಟರಿನ ಮೈಮೇಲೆ ಕೈಯಿಟ್ಟರೆ ತಾಗುವ ಬಿಸಿ ನಾವು ದುಡ್ಡು ಕೊಟ್ಟು ಕೊಂಡ ಬಿಸಿ. ಅದರಲ್ಲಿ ಒಂದು ದೊಡ್ಡ ಪಾಲು ಸ್ಟೇಟರಿನ, ಎಂದರೆ ಅಲುಗದೆ ನಿಂತ ಹೊರಭಾಗದ, ತಾಮ್ರದ ತಂತಿಯಲ್ಲಿ ಕರೆಂಟು ಹರಿಯುವಾಗ ಹುಟ್ಟುತ್ತದೆ, ಇನ್ನೊಂದು ಪಾಲು ಒಳಗೆ ತಿರುಗುವ ರೋಟರಿನ ಸರಳುಗಳಲ್ಲಿ. ಕಬ್ಬಿಣದ ಕೋರ್ ಒಂದು ಸೆಕೆಂಡಿಗೆ 100 ಸಲ ಕಾಂತದ ದಿಕ್ಕು ಬದಲಿಸುತ್ತ ತಾನೂ ಬಿಸಿಯಾಗುತ್ತದೆ. ಬೇರಿಂಗಿನ ತಿಕ್ಕಾಟ, ಹಿಂಬದಿಯ ಫ್ಯಾನು ಗಾಳಿಯನ್ನು ಕಡೆಯುವ ಶ್ರಮ, ಲೆಕ್ಕಕ್ಕೆ ಸುಲಭವಾಗಿ ಸಿಗದ ಇನ್ನೊಂದಿಷ್ಟು ಚಿಲ್ಲರೆ ನಷ್ಟ ಇವೆಲ್ಲ ಸೇರಿದರೆ ಪಟ್ಟಿ ಮುಗಿಯಿತು. ಹೆಚ್ಚು ದಕ್ಷ ಮೋಟರಿನೊಳಗೆ ಮಾಯವಿದ್ಯೆ ಏನೂ ಇರುವುದಿಲ್ಲ. ಹೆಚ್ಚು ತಾಮ್ರ, ಒಳ್ಳೆಯ ಉಕ್ಕಿನ ತೆಳ್ಳಗಿನ ಸ್ಟಾಂಪಿಂಗುಗಳು (ಕೋರಿನ ಹಾಳೆಗಳು), ಸ್ವಲ್ಪ ಉದ್ದದ ಕೋರ್, ಚಿಕ್ಕ ಫ್ಯಾನು, ಇಷ್ಟೇ. ಆದ್ದರಿಂದಲೇ ಅದು ತೂಕದಲ್ಲೂ ಬೆಲೆಯಲ್ಲೂ ಹೆಚ್ಚು.

ಈ ದಕ್ಷತೆಯನ್ನು ಅಳೆದು ದರ್ಜೆ ಕೊಡುವ ಅಂತರರಾಷ್ಟ್ರೀಯ ಪದ್ಧತಿಯಲ್ಲಿ ಐಇ1, ಐಇ2, ಐಇ3, ಐಇ4 ಎಂಬ ಮೆಟ್ಟಿಲುಗಳಿವೆ. 7.5 ಕಿಲೋವಾಟಿನ, ಎಂದರೆ ನಮ್ಮ ಬಾಯಲ್ಲಿ 10 ಎಚ್‌ಪಿಯ, ನಾಲ್ಕು ಪೋಲಿನ (ಕಾಂತಧ್ರುವಗಳ) ಮೋಟರಿಗೆ ಈ ದರ್ಜೆಗಳು ಕ್ರಮವಾಗಿ ಶೇ 86, 88.7, 90.4 ಮತ್ತು 92.6ರಷ್ಟು ದಕ್ಷತೆಯನ್ನು ಕೇಳುತ್ತವೆ. ಮೋಟರ್ ಚಿಕ್ಕದಾದಷ್ಟೂ ಮೆಟ್ಟಿಲುಗಳ ನಡುವಿನ ಅಂತರ ಹೆಚ್ಚು: 1 ಎಚ್‌ಪಿಯ ಮೋಟರಿನಲ್ಲಿ ಐಇ1ಕ್ಕೂ ಐಇ3ಕ್ಕೂ ಹತ್ತು ಅಂಶಗಳ ಅಂತರವಿದ್ದರೆ, 100 ಎಚ್‌ಪಿಯಲ್ಲಿ ಅದು ಎರಡು ಮೂರಕ್ಕೆ ಇಳಿಯುತ್ತದೆ. ದೊಡ್ಡ ಕಾರ್ಖಾನೆಗಳಿಗಿಂತ ಸಣ್ಣ ಮೋಟರುಗಳನ್ನೇ ನಂಬಿರುವ ಸಣ್ಣ ಘಟಕಗಳಿಗೆ ಈ ವಿಷಯ ಹೆಚ್ಚು ಮುಖ್ಯವಾಗುವುದು ಇದರಿಂದಾಗಿ.

10 ಎಚ್‌ಪಿಯಲ್ಲಿ ಐಇ1ಕ್ಕೂ ಐಇ3ಕ್ಕೂ ಇರುವ ನಾಲ್ಕೂವರೆ ಅಂಶದ ಅಂತರ ಎಂದರೆ ಏನು ಮಹಾ ಎಂದು ಕೇಳಬಹುದು. ಆ 10 ಎಚ್‌ಪಿ ಮೋಟರನ್ನೇ ಲೆಕ್ಕಕ್ಕೆ ಹಿಡಿಯೋಣ. ದಿನಕ್ಕೆ 20 ಗಂಟೆಯಂತೆ ವರ್ಷಕ್ಕೆ 300 ದಿನ, ಒಟ್ಟು 6,000 ಗಂಟೆ, ಪೂರ್ತಿ ಲೋಡಿನಲ್ಲಿ ಓಡುತ್ತದೆ ಎಂದುಕೊಂಡರೆ ಐಇ1 ಮೋಟರ್ ವರ್ಷಕ್ಕೆ 52,300 ಯೂನಿಟ್ಟಿನಷ್ಟು ನುಂಗುತ್ತದೆ, ಐಇ3 ಸುಮಾರು 49,800. ವ್ಯತ್ಯಾಸ 2,500 ಯೂನಿಟ್. ಯೂನಿಟ್ಟಿಗೆ 7 ರೂಪಾಯಿ ಎಂದು ಇಟ್ಟುಕೊಂಡರೆ ವರ್ಷಕ್ಕೆ ಸುಮಾರು 17,800 ರೂಪಾಯಿ. ಇದಕ್ಕಿಂತ ಕಣ್ಣು ತೆರೆಸುವ ಸಂಖ್ಯೆ ಒಟ್ಟು ಬಿಲ್ಲಿನದು: ಈ ಒಂದು ಮೋಟರ್ ವರ್ಷಕ್ಕೆ ಮೂರೂವರೆ ಲಕ್ಷ ರೂಪಾಯಿಗೂ ಹೆಚ್ಚಿನ ವಿದ್ಯುತ್ ತಿನ್ನುತ್ತದೆ. ಅದರ ಕೊಳ್ಳುವ ಬೆಲೆಯ ಹಲವು ಪಟ್ಟು ಮೊದಲ ವರ್ಷವೇ ಬಿಲ್ಲಿನಲ್ಲಿ ಹೋಗಿರುತ್ತದೆ. ಆದರೂ ಖರೀದಿಯ ಹೊತ್ತಿನಲ್ಲಿ ಎರಡು ಸಾವಿರಕ್ಕಾಗಿ ಚೌಕಾಸಿ ಮಾಡುವ ನಾವು, ಆ ಮೋಟರ್ ಹತ್ತು ಹದಿನೈದು ವರ್ಷ ತಿನ್ನಲಿರುವ ವಿದ್ಯುತ್ತಿನ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳುವುದಿಲ್ಲ.

ಕಾನೂನು ಈ ಪ್ರಶ್ನೆಯನ್ನು ನಮ್ಮ ಪರವಾಗಿ ಕೇಳಿದೆ ನಿಜ. ಕೇಂದ್ರ ಸರ್ಕಾರ 2017ರಲ್ಲಿ ಹೊರಡಿಸಿದ ಗುಣಮಟ್ಟ ನಿಯಂತ್ರಣ ಆದೇಶವು ಐಎಸ್ 12615 ಮಾನಕವನ್ನು ಕಡ್ಡಾಯಗೊಳಿಸಿ, ಮಾರಾಟವಾಗುವ ಮೋಟರುಗಳಿಗೆ ಐಇ2 ದರ್ಜೆಯನ್ನು ಕನಿಷ್ಠ ಮಿತಿಯೆಂದು ನಿಗದಿಪಡಿಸಿತು. ಆ ಹೊತ್ತಿಗೆ ಅಮೆರಿಕ ಐಇ3ಕ್ಕೆ ಸಮನಾದ ಮಟ್ಟವನ್ನು 2010ರ ಕೊನೆಯಲ್ಲೇ ಕಡ್ಡಾಯ ಮಾಡಿತ್ತು, ಯೂರೋಪು 2015ರಿಂದ ಹಂತಹಂತವಾಗಿ ಅದೇ ದಾರಿ ಹಿಡಿದಿತ್ತು. ಚೀನಾ 2021ರಲ್ಲಿ ಅಲ್ಲಿಗೆ ಬಂತು, ಯೂರೋಪು 2023ರ ಜುಲೈಯಿಂದ 75ರಿಂದ 200 ಕಿಲೋವಾಟಿನ ಬಹುತೇಕ ಮೋಟರುಗಳಿಗೆ ಐಇ4 ಅನ್ನೇ ಕೇಳತೊಡಗಿತು. ನಾವು ಒಂದು ಮೆಟ್ಟಿಲು ಹಿಂದಿನಿಂದ ಹೊರಟೆವು ಎಂಬುದು ಆಕ್ಷೇಪಿಸಬೇಕಾದ ಸಂಗತಿಯೇ. ಆದರೆ ನನ್ನ ಆಕ್ಷೇಪ ಬೇರೆ. ಈ ನಿಯಮಗಳೆಲ್ಲ ಹೊಸದಾಗಿ ಮಾರಾಟವಾಗುವ ಮೋಟರಿಗೆ ಅನ್ವಯಿಸುತ್ತವೆ. ಶೆಡ್ಡಿನೊಳಗೆ ಆಗಲೇ ತಿರುಗುತ್ತಿರುವ, ಮೂರು ಸಲ ಸುಟ್ಟು ಮೂರು ಸಲ ಸುತ್ತಿಸಿಕೊಂಡು ಬಂದಿರುವ ಮೋಟರನ್ನು ಅವು ಮುಟ್ಟುವುದೇ ಇಲ್ಲ.

ಎಲ್‌ಇಡಿ ಬಲ್ಬಿನ ಯಶಸ್ಸನ್ನು ಮೋಟರಿಗೆ ವಿಸ್ತರಿಸುವ ಮಾತು ಆಗಾಗ ಕೇಳಿಬರುತ್ತದೆ. ಸಗಟು ಖರೀದಿಯಿಂದ ಬಲ್ಬಿನ ಬೆಲೆಯನ್ನು ಇಳಿಸಿದ, ಕೇಂದ್ರ ಸರ್ಕಾರಿ ವಲಯದ ಇಇಎಸ್‌ಎಲ್ ಸಂಸ್ಥೆಯೇ ಐಇ3 ಮೋಟರುಗಳಿಗೂ ಅಂಥದೊಂದು ರಾಷ್ಟ್ರೀಯ ಬದಲಾವಣೆ ಕಾರ್ಯಕ್ರಮವನ್ನು ಆರಂಭಿಸಿತು. ಉದ್ದೇಶ ಒಳ್ಳೆಯದು, ಆದರೆ ಹೋಲಿಕೆ ಒಂದು ಕಡೆ ಕುಂಟುತ್ತದೆ. ಸುಟ್ಟ ಬಲ್ಬನ್ನು ಯಾರೂ ರಿಪೇರಿ ಮಾಡಿಸುವುದಿಲ್ಲ. ಅದನ್ನು ಎಸೆದಾಗ ಹೊಸ ತಂತ್ರಜ್ಞಾನಕ್ಕೆ ಹೋಲ್ಡರು ತಾನಾಗಿಯೇ ತೆರವಾಗುತ್ತದೆ. ಮೋಟರಿಗೆ ನಮ್ಮಲ್ಲಿ ಸಾವಿಲ್ಲ. ಬೆಂಗಳೂರಿನ ಬೈಯಪ್ಪನಹಳ್ಳಿಯಲ್ಲಿ ಜರ್ಮನಿಯ ಎಇಜಿ ಕಂಪನಿಯ ಸಹಯೋಗದೊಂದಿಗೆ ಮೋಟರುಗಳನ್ನು ತಯಾರಿಸುತ್ತಿದ್ದ ಎನ್‌ಜಿಇಎಫ್ ಕಾರ್ಖಾನೆ ಬಾಗಿಲು ಮುಚ್ಚಿ ಎರಡು ದಶಕ ದಾಟಿದೆ, ಅದರ ನೇಮ್‌ಪ್ಲೇಟ್ ಹೊತ್ತ ಮೋಟರುಗಳು ಹಳೆಯ ಗಿರಣಿಗಳಲ್ಲಿ ಇನ್ನೂ ತಿರುಗುತ್ತಿವೆ. ಆ ಕಾಲದ ಎರಕದ ಗಟ್ಟಿತನವನ್ನು ಹೊಗಳುವ ಹಿರಿಯ ಮೆಕ್ಯಾನಿಕ್‌ಗಳ ಮಾತಿನಲ್ಲಿ ಸತ್ಯವಿದೆ. ಬಾಡಿ ನಿಜಕ್ಕೂ ಗಟ್ಟಿ. ಅದರೊಳಗಿನ ಕೋರ್ ಎಷ್ಟು ಸಲ ಬೆಂಕಿ ಕಂಡಿದೆ ಎಂಬುದನ್ನು ಮಾತ್ರ ನೇಮ್‌ಪ್ಲೇಟ್ ಹೇಳುವುದಿಲ್ಲ.

ಬೆಂಕಿಯ ಮಾತು ಅಲಂಕಾರಕ್ಕೆ ಹೇಳಿದ್ದಲ್ಲ. ವೈಂಡಿಂಗ್ ಅಂಗಡಿಯೊಂದರ ಮುಂದೆ ಅರ್ಧ ದಿನ ಕೂತರೆ ಎಲ್ಲವೂ ಕಣ್ಣಿಗೆ ಬೀಳುತ್ತದೆ. ಬಾಗಿಲಲ್ಲಿ ಬಿಚ್ಚಿಟ್ಟ ಎಂಡ್ ಕವರುಗಳು, ಸೀಮೆಸುಣ್ಣದಲ್ಲಿ ಗಿರಾಕಿಯ ಹೆಸರು ಬರೆದ ಬಾಡಿಗಳು. ಒಳಗೆ ಗೋಡೆಗೆ ನೇತುಬಿದ್ದ, ಕಾಯಿಲ್ ಸುತ್ತುವ ಮರದ ಅಚ್ಚುಗಳು. ಮೊದಲ ಕೆಲಸ ಸುಟ್ಟ ತಂತಿಯನ್ನು ತೆಗೆಯುವುದು. ವಾರ್ನಿಷಿನಲ್ಲಿ ಕಲ್ಲಿನಂತೆ ಕೂತ ಕಾಯಿಲುಗಳು ಎಳೆದರೆ ಬರುವುದಿಲ್ಲ. ಒಂದು ಬದಿಯ ತಲೆಯನ್ನು ಉಳಿಯಿಂದ ಕತ್ತರಿಸಿ, ಸ್ಟೇಟರನ್ನು ಕಾಯಿಸಿ, ಇನ್ನೊಂದು ಬದಿಯಿಂದ ಕೊಕ್ಕೆ ಹಾಕಿ ಎಳೆಯಬೇಕು. ಕಾಯಿಸುವುದಕ್ಕೆ ಉಷ್ಣಾಂಶ ನಿಯಂತ್ರಿಸುವ ಓವನ್ ಇರುವ ಅಂಗಡಿಗಳು ಕಡಿಮೆ. ಗ್ಯಾಸ್ ಟಾರ್ಚಿನ ಉರಿ ಹಿಡಿಯುವುದು ರೂಢಿ. ಹಿತ್ತಲಲ್ಲಿ ಸ್ಟೇಟರಿನ ಹೊಟ್ಟೆಗೆ ಕಟ್ಟಿಗೆ, ಎಣ್ಣೆಬಟ್ಟೆ ತುರುಕಿ ಬೆಂಕಿ ಹಚ್ಚುವುದೂ ಉಂಟು. ಕೋರ್ ಎಂಬುದು ಇಡಿಯ ಕಬ್ಬಿಣದ ಮುದ್ದೆಯಲ್ಲ. ಅರ್ಧ ಮಿಲಿಮೀಟರ್ ದಪ್ಪದ ನೂರಾರು ಹಾಳೆಗಳ ಕಟ್ಟು. ಪ್ರತಿ ಹಾಳೆಯ ಮೇಲೆ ವಿದ್ಯುತ್ ದಾಟದಂತೆ ತಡೆಯುವ ತೆಳು ಲೇಪನವಿದೆ. ಉಷ್ಣಾಂಶ ಸುಮಾರು 370 ಡಿಗ್ರಿಯನ್ನು ದಾಟಿತೆಂದರೆ ಸಾಮಾನ್ಯ ಲೇಪನ ಹಾಳಾಗುತ್ತದೆ, ಹಾಳೆಗಳು ಒಂದಕ್ಕೊಂದು ತಾಗಿ ಕೋರಿನೊಳಗೇ ಕರೆಂಟು ಸುಳಿ ಸುತ್ತತೊಡಗುತ್ತದೆ, ಮತ್ತು ಅಲ್ಲಿಂದ ಮುಂದೆ ಆ ಮೋಟರ್ ಲೋಡ್ ಇಲ್ಲದೆ ಓಡಿದರೂ ಬಿಸಿಯಾಗುತ್ತದೆ. ಎಷ್ಟೇ ಚೆಂದವಾಗಿ ಹೊಸ ತಂತಿ ಸುತ್ತಿದರೂ ಈ ಗಾಯ ಮಾಯುವುದಿಲ್ಲ.

ಎರಡನೆಯ ಗಾಯ ತಂತಿಯಲ್ಲಾಗುತ್ತದೆ. ಕಂಪನಿ ಹಾಕಿದ್ದ ಗೇಜಿನ ತಂತಿ ಅಂಗಡಿಯಲ್ಲಿ ಇಲ್ಲದಿದ್ದರೆ ಒಂದು ಸುತ್ತು ತೆಳ್ಳಗಿನದು ಬರುತ್ತದೆ. ಸ್ಲಾಟಿನಲ್ಲಿ ತಂತಿ ತುರುಕಲು ಜಾಗ ಸಾಲದಾದರೂ ಅದೇ ಆಗುತ್ತದೆ. ತಾಮ್ರ ಕಡಿಮೆಯಾದಷ್ಟು ತಂತಿಯ ತಡೆ ಹೆಚ್ಚು, ಬಿಸಿ ಹೆಚ್ಚು. ಬಿಸಿ ಹೆಚ್ಚಾದರೆ ಇನ್ಸುಲೇಶನ್ನಿನ ಆಯುಷ್ಯ ಕಡಿಮೆ. ಪ್ರತಿ 10 ಡಿಗ್ರಿಗೆ ಅರ್ಧವಾಗುತ್ತದೆ ಎಂಬುದು ಈ ಕ್ಷೇತ್ರದಲ್ಲಿ ಎಲ್ಲರೂ ಒಪ್ಪುವ ಅಂದಾಜು. ಹೀಗಾಗಿ ಕೆಟ್ಟದಾಗಿ ಸುತ್ತಿದ ಮೋಟರ್ ಹೆಚ್ಚು ವಿದ್ಯುತ್ ತಿನ್ನುವುದಷ್ಟೇ ಅಲ್ಲ, ಬೇಗ ಮತ್ತೆ ಸುಡುತ್ತದೆ, ಮತ್ತೆ ಬೆಂಕಿಗೆ ಹೋಗುತ್ತದೆ.

ಇದನ್ನೆಲ್ಲ ಹೇಳಿ ವೈಂಡಿಂಗ್ ಕೆಲಸಗಾರರನ್ನು ಕಟಕಟೆಯಲ್ಲಿ ನಿಲ್ಲಿಸುವುದು ಅನ್ಯಾಯ. ಅಮೆರಿಕ ಮತ್ತು ಬ್ರಿಟನ್ನಿನ ಮೋಟರ್ ರಿಪೇರಿ ಉದ್ಯಮದ ಸಂಘಗಳು ಸೇರಿ 2003ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಉಷ್ಣಾಂಶ ನಿಯಂತ್ರಿಸಿ, ಅದೇ ಅಡ್ಡಕೊಯ್ತದ ತಾಮ್ರ ಹಾಕಿ, ಕ್ರಮಬದ್ಧವಾಗಿ ಸುತ್ತಿದರೆ ಮೋಟರಿನ ದಕ್ಷತೆ ಮೊದಲಿನಷ್ಟೇ ಉಳಿಯುತ್ತದೆ ಎಂದು ಅಳೆದು ತೋರಿಸಿದೆ. ಅಂದರೆ ರಿವೈಂಡಿಂಗ್ ತಾನಾಗಿ ತಪ್ಪಲ್ಲ. ನಾಳೆ ಸಂಜೆಗೆ ಬೇಕು, ಮೂರು ಸಾವಿರ ಕಡಿಮೆಗೆ ಮಾಡಿಕೊಡು ಎಂಬ ಒತ್ತಡದಲ್ಲಿ ಮಾಡಿಸಿದ ರಿವೈಂಡಿಂಗ್ ತಪ್ಪು. ಆ ಒತ್ತಡ ಹಾಕುವವರು ಗಿರಾಕಿಗಳು. ಉಷ್ಣಾಂಶ ನಿಯಂತ್ರಿಸುವ ಓವನ್ನಿಗೆ ಬಂಡವಾಳ ಹೂಡಿದ ಅಂಗಡಿಯವನಿಗೂ ಟಾರ್ಚಿನವನಿಗೂ ನಾವು ಕೊಡುವ ಕೂಲಿ ಒಂದೇ, ಏಕೆಂದರೆ ವಾಪಸು ಬಂದ ಮೋಟರುಗಳೆರಡೂ ಹೊಸ ಬಣ್ಣ ಬಳಿದುಕೊಂಡು ಒಂದೇ ರೀತಿ ತಿರುಗುತ್ತವೆ.

ಈಗ ಆ ಅರ್ಧ ಗಂಟೆಯ ಲೆಕ್ಕವನ್ನು ಮತ್ತೆ ಮಾಡೋಣ. ಹಳೆಯ ಐಇ1 ಮೋಟರ್ ಕಳಪೆ ರಿವೈಂಡಿಂಗಿನಿಂದ ಎರಡು ಅಂಶ ಕಳೆದುಕೊಂಡು ಶೇ 84ಕ್ಕೆ ಇಳಿಯಿತು ಎಂದುಕೊಳ್ಳಿ. ಹೊಸ ಐಇ3ಕ್ಕೆ 40,000 ರೂಪಾಯಿ, ರಿವೈಂಡಿಂಗಿಗೆ 10,000 ಎಂದು ಉದಾಹರಣೆಗೆ ಇಟ್ಟುಕೊಂಡರೆ ಕೈಯಿಂದ ಹೆಚ್ಚುವರಿಯಾಗಿ ಬೀಳುವುದು 30,000. ವರ್ಷಕ್ಕೆ 6,000 ಗಂಟೆ ಓಡುವ ಗಿರಣಿಯಲ್ಲಿ ಇವೆರಡರ ನಡುವಿನ ವ್ಯತ್ಯಾಸ ಸುಮಾರು 3,800 ಯೂನಿಟ್, ಎಂದರೆ 26,500 ರೂಪಾಯಿ. ಹದಿನಾಲ್ಕು ತಿಂಗಳಲ್ಲಿ ಅಸಲು ಬಂತು. ಅದೇ ಮೋಟರ್ ಒಂದು ಪಾಳಿಯ ವರ್ಕ್‌ಶಾಪಿನಲ್ಲಿ ವರ್ಷಕ್ಕೆ 2,000 ಗಂಟೆ ಮಾತ್ರ ಓಡಿದರೆ ಉಳಿತಾಯ ಒಂಬತ್ತು ಸಾವಿರಕ್ಕಿಂತ ಕಡಿಮೆ, ಅಸಲು ಬರಲು ಮೂರು ವರ್ಷಕ್ಕೂ ಹೆಚ್ಚು ಬೇಕು. ತಿಂಗಳಿಗೆ ಹತ್ತು ಗಂಟೆ ಓಡುವ ತುರ್ತು ಪಂಪಿಗೆ ಐಇ3 ತರುವುದು ದುಡ್ಡು ದಂಡ. ಎಲ್ಲ ಹಳೆಯ ಮೋಟರುಗಳನ್ನೂ ಕಿತ್ತೆಸೆಯಬೇಕು ಎಂಬ ಉಪದೇಶ ಎಷ್ಟು ಅಸಂಬದ್ಧವೋ, ಎಲ್ಲವನ್ನೂ ಸುತ್ತಿಸುತ್ತಲೇ ಇರಬೇಕು ಎಂಬ ರೂಢಿಯೂ ಅಷ್ಟೇ. ತೀರ್ಮಾನ ಗಂಟೆಗಳ ಮೇಲೆ ನಿಂತಿದೆ, ಮತ್ತು ಮೋಟರ್ ಸುಟ್ಟ ಗಳಿಗೆಯಲ್ಲಿ ಆ ಗಂಟೆಗಳ ಲೆಕ್ಕ ಯಾರ ಕೈಯಲ್ಲೂ ಇರುವುದಿಲ್ಲ.

ಹೊಸ ಮೋಟರ್ ತಂದವರಿಗೂ ಒಂದು ಹೊಂಡ ಕಾದಿದೆ. ಸಲಹೆಗಾರರ ವರದಿಗಳಲ್ಲಿ ಇದು ಅಪರೂಪಕ್ಕೆ ಕಾಣಿಸುತ್ತದೆ. ಇಂಡಕ್ಷನ್ ಮೋಟರ್ ಯಾವಾಗಲೂ ಕಾಂತಕ್ಷೇತ್ರದ ವೇಗಕ್ಕಿಂತ ಸ್ವಲ್ಪ ಹಿಂದೆ ಬೀಳುತ್ತದೆ. ನಾಲ್ಕು ಪೋಲಿನ ಮೋಟರಿನಲ್ಲಿ ಕ್ಷೇತ್ರ ನಿಮಿಷಕ್ಕೆ 1,500 ಸುತ್ತು ಹಾಕಿದರೆ ಹಳೆಯ ಮೋಟರ್ 1,440 ಹಾಕುತ್ತದೆ. ರೋಟರಿನಲ್ಲಿ ಕಡಿಮೆ ಕಳೆದುಕೊಳ್ಳುವ ಐಇ3 ಮೋಟರ್ ಸುಮಾರು 1,465. ಇಪ್ಪತ್ತೈದು ಸುತ್ತಿನ ಈ ಹೆಚ್ಚಳ ಲೇತಿಗೆ ಲೆಕ್ಕಕ್ಕಿಲ್ಲ. ಆದರೆ ಬ್ಲೋವರಿಗೆ ಬೇಕಾಗುವ ಶಕ್ತಿ ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ. 1,465 ಭಾಗಿಸು 1,440, ಅದರ ಘನ ತೆಗೆದರೆ 1.053 ಬರುತ್ತದೆ, ಎಂದರೆ ಬ್ಲೋವರ್ ಈಗ ಶೇ 5.3ರಷ್ಟು ಹೆಚ್ಚು ಶಕ್ತಿ ಕೇಳುತ್ತದೆ. ಐಇ1ರಿಂದ ಐಇ3ಕ್ಕೆ ಹೋದಾಗ ಉಳಿಯುವುದು ಶೇ 4.9. ಅಲ್ಲಿಗೆ ಲಾಭ ಪೂರ್ತಿ ಸಾಫು. ಗಾಳಿ ಹೆಚ್ಚು ಬಂತು ನಿಜ, ಆದರೆ ಆ ಗಾಳಿ ಯಾರಿಗೂ ಬೇಕಿರಲಿಲ್ಲ. ತಿಂಗಳ ಕೊನೆಗೆ ಬಿಲ್ಲು ನೋಡಿದ ಗಿರಣಿ ಮಾಲೀಕರು ಐಇ3 ಎನ್ನುವುದೆಲ್ಲ ಬೊಗಳೆ ಎಂದು ತೀರ್ಮಾನಿಸಿದರೆ ಅವರನ್ನು ದೂರುವಂತಿಲ್ಲ.

ಪರಿಹಾರವೇನೂ ಕಷ್ಟದ್ದಲ್ಲ. ಬೆಲ್ಟಿನಿಂದ ಓಡುವ ಬ್ಲೋವರಾದರೆ ಮೋಟರಿನ ಕಡೆಯ ಪುಲ್ಲಿ ಶೇ 1.7ರಷ್ಟು ಚಿಕ್ಕದಾಗಬೇಕು. 150 ಮಿಲಿಮೀಟರ್ ವ್ಯಾಸದ ಪುಲ್ಲಿಗೆ ಅದು ಎರಡೂವರೆ ಮಿಲಿಮೀಟರ್. ಲೇತಿನ ಮೇಲೆ ಅರ್ಧ ಗಂಟೆಯ ಕೆಲಸ. ಈ ಎರಡೂವರೆ ಮಿಲಿಮೀಟರಿನ ಮಾತನ್ನು ಮೋಟರ್ ಮಾರುವವರು ಹೇಳುವುದಿಲ್ಲ, ಕೊಳ್ಳುವವರು ಕೇಳುವುದಿಲ್ಲ. ಟ್ಯಾಂಕು ತುಂಬಿಸುವ ಪಂಪಿನಲ್ಲಿ ನಷ್ಟ ಇಷ್ಟಿಲ್ಲ. ಅದು ಬೇಗ ತುಂಬಿಸಿ ಬೇಗ ನಿಲ್ಲುತ್ತದೆ. ನಿಲ್ಲದೆ ಓಡುವ ಫ್ಯಾನು, ಬ್ಲೋವರ್, ನೀರು ಸುತ್ತಿಸುವ ಪಂಪುಗಳಲ್ಲೇ ಎಚ್ಚರ ಬೇಕಾದದ್ದು. ಜೊತೆಗೆ, ದಕ್ಷ ಮೋಟರುಗಳು ಸ್ಟಾರ್ಟ್ ಆಗುವಾಗ ಹೆಚ್ಚು ಕರೆಂಟು ಎಳೆಯಬಹುದಾದ್ದರಿಂದ ಹಳೆಯ ಬ್ರೇಕರ್ ಮೊದಲ ದಿನವೇ ಟ್ರಿಪ್ ಆಗಿ ಹೊಸ ಮೋಟರಿಗೆ ಕೆಟ್ಟ ಹೆಸರು ಬರುವುದೂ ಇದೆ.

ಮೋಟರಿನ ದರ್ಜೆಗಿಂತ ಅದರ ಸುತ್ತಲಿನ ವ್ಯವಸ್ಥೆಯಲ್ಲಿ ಹೆಚ್ಚು ಸೋರುತ್ತದೆ ಎಂಬುದನ್ನು ಒಪ್ಪಲೇಬೇಕು. 5 ಎಚ್‌ಪಿ ಸುಟ್ಟಿತು ಎಂದರೆ ಮುಂದಿನ ಸಲ ಏಳೂವರೆ ಹಾಕಿ ಎನ್ನುತ್ತಾನೆ ಮೆಕ್ಯಾನಿಕ್. ಸುಟ್ಟಿದ್ದು ಒಂದು ಫೇಸ್ ಹೋಗಿದ್ದಕ್ಕೋ, ಬೇರಿಂಗ್ ಹಿಡಿದುಕೊಂಡದ್ದಕ್ಕೋ ಎಂದು ಯಾರೂ ನೋಡುವುದಿಲ್ಲ. ಮೋಟರಿನ ದಕ್ಷತೆ ಮುಕ್ಕಾಲು ಲೋಡಿನಿಂದ ಪೂರ್ತಿ ಲೋಡಿನವರೆಗೆ ಹೆಚ್ಚೂಕಡಿಮೆ ಸಮವಾಗಿರುತ್ತದೆ, ಶೇ 40ಕ್ಕಿಂತ ಕೆಳಗೆ ಹೋದರೆ ಕುಸಿಯುತ್ತದೆ. ಪವರ್ ಫ್ಯಾಕ್ಟರ್, ಎಂದರೆ ಎಳೆದ ಕರೆಂಟಿನಲ್ಲಿ ನಿಜವಾದ ಕೆಲಸಕ್ಕೆ ಒದಗುವ ಪಾಲು, ಅದಕ್ಕೂ ಮೊದಲೇ ಬೀಳುತ್ತದೆ. ಆಗ ಕೆಪಾಸಿಟರ್ ಹಾಕಿಸುತ್ತೇವೆ, ಏಕೆಂದರೆ ಪವರ್ ಫ್ಯಾಕ್ಟರ್ ಇಳಿದರೆ ಬಿಲ್ಲಿನಲ್ಲಿ ದಂಡ ಬೀಳುತ್ತದೆ. ಕೆಪಾಸಿಟರ್ ಹಾಕಿದ ಮೇಲೆ ಕರೆಂಟು ಉಳಿಯುತ್ತದೆ ಎಂಬ ನಂಬಿಕೆ ಸಣ್ಣ ಕೈಗಾರಿಕಾ ವಲಯದಲ್ಲಿ ಬೇರುಬಿಟ್ಟಿದೆ. ಅದು ದಂಡವನ್ನು ತಪ್ಪಿಸುತ್ತದೆ, ಕೇಬಲ್ಲಿನ ಹೊರೆಯನ್ನೂ ಇಳಿಸುತ್ತದೆ. ಮೋಟರಿನ ಹೊಟ್ಟೆಯೊಳಗಿನ ನಷ್ಟವನ್ನು ಒಂದು ವಾಟಿನಷ್ಟೂ ಕಡಿಮೆ ಮಾಡುವುದಿಲ್ಲ. ಪವರ್ ಫ್ಯಾಕ್ಟರಿಗೆ ದಂಡ ಇರುವುದರಿಂದ ಎಲ್ಲರೂ ಅದನ್ನು ನೋಡುತ್ತಾರೆ, ದಕ್ಷತೆಗೆ ದಂಡವಿಲ್ಲ.

ಕವಾಟ ತಿರುಗಿಸಿ ನೀರಿನ ಹರಿವನ್ನು ಕಡಿಮೆ ಮಾಡುವುದು ಕಾರಿನ ಆಕ್ಸಿಲರೇಟರ್ ಒತ್ತಿಕೊಂಡೇ ಬ್ರೇಕು ಹಾಕಿದಂತೆ. ಅದೇ ಪಂಪಿಗೆ ವೇಗ ನಿಯಂತ್ರಿಸುವ ಡ್ರೈವ್ ಹಾಕಿ ವೇಗವನ್ನು ಶೇ 80ಕ್ಕೆ ಇಳಿಸಿದರೆ, ಘನದ ಅದೇ ನಿಯಮ ಈ ಸಲ ನಮ್ಮ ಪರವಾಗಿ ಕೆಲಸ ಮಾಡಿ, ಬೇಕಾಗುವ ಶಕ್ತಿ ಅರ್ಧಕ್ಕೆ ಬರುತ್ತದೆ. ಎತ್ತರಕ್ಕೆ ನೀರು ತಳ್ಳುವ ಪಂಪುಗಳಲ್ಲಿ ಲಾಭ ಇಷ್ಟು ಸಿಗುವುದಿಲ್ಲ, ಮತ್ತು ಸದಾ ಪೂರ್ತಿ ವೇಗದಲ್ಲೇ ಓಡಬೇಕಾದ ಯಂತ್ರಕ್ಕೆ ಡ್ರೈವ್ ಹಾಕಿದರೆ ಡ್ರೈವಿನೊಳಗಿನ ನಷ್ಟವೇ ಹೊಸ ಖರ್ಚು. ಇನ್ನು ಕಂಪ್ರೆಸರ್. ಯಂತ್ರಗಳು ನಿಂತ ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಯಾವುದೇ ವರ್ಕ್‌ಶಾಪಿನೊಳಗೆ ನಿಂತು ಕಿವಿಗೊಟ್ಟರೆ ಎಲ್ಲೋ ಒಂದು ಕಡೆ ಗಾಳಿ ಸುಯ್ ಎನ್ನುತ್ತಿರುತ್ತದೆ. 7 ಬಾರ್ ಒತ್ತಡದಲ್ಲಿ 3 ಮಿಲಿಮೀಟರಿನ ಒಂದು ತೂತು ಕಂಪ್ರೆಸರ್ ಮೋಟರಿನಿಂದ 3ರಿಂದ 4 ಕಿಲೋವಾಟಿನಷ್ಟು ಕಸಿಯುತ್ತದೆ, ಹಗಲೂ ರಾತ್ರಿ. ಐಇ1 ಬದಲು ಐಇ3 ತಂದು ಉಳಿಸಿದ ಅರ್ಧ ಕಿಲೋವಾಟನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು.

ಹಾಗೆಂದು ಮೋಟರಿನ ವಿಷಯ ಗೌಣವಾಗುವುದಿಲ್ಲ. ಸೋರಿಕೆಯ ತೂತು ಮುಚ್ಚಿದರೆ ಒಂದು ದಿನದಲ್ಲಿ ಫಲ ಕಾಣುತ್ತದೆ, ಮತ್ತೆ ತೂತಾದರೆ ಮತ್ತೆ ಮುಚ್ಚಬಹುದು. ಮೋಟರಿನ ಬಗ್ಗೆ ಒಮ್ಮೆ ಮಾಡಿದ ತೀರ್ಮಾನ ಹತ್ತು ವರ್ಷ ನಮ್ಮನ್ನು ಕಟ್ಟಿಹಾಕುತ್ತದೆ. ಸರಬರಾಜಿನ ಗುಣಮಟ್ಟವೂ ಇಲ್ಲಿ ಕೈಜೋಡಿಸಿದೆ. ಮೂರು ಫೇಸುಗಳ ವೋಲ್ಟೇಜಿನಲ್ಲಿ ಶೇ 1ರಷ್ಟು ಅಸಮತೆ ಇದ್ದರೆ ಕರೆಂಟಿನಲ್ಲಿ ಅದರ ಆರರಿಂದ ಹತ್ತು ಪಟ್ಟು ಅಸಮತೆ ಹುಟ್ಟುತ್ತದೆ, ಆ ಬಿಸಿಯೆಲ್ಲ ವೈಂಡಿಂಗಿನ ಪಾಲಿಗೆ. ಫೀಡರಿನ ತುದಿಯಲ್ಲಿರುವ ಗಿರಣಿಯ ಮೋಟರುಗಳು ಮತ್ತೆ ಮತ್ತೆ ಏಕೆ ಸುಡುತ್ತವೆ ಎಂಬ ಪ್ರಶ್ನೆಗೆ ಉತ್ತರ ಅನೇಕ ಸಲ ಗಿರಣಿಯ ಹೊರಗಿನ ಟ್ರಾನ್ಸ್‌ಫಾರ್ಮರಿನಲ್ಲಿದೆ.

ಈ ನಾಡಿಗೆ ಮೋಟರ್ ಹೊಸದಲ್ಲ. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಕೋಲಾರದ ಚಿನ್ನದ ಗಣಿಯ ಯಂತ್ರಗಳನ್ನು ವಿದ್ಯುತ್ತಿನಿಂದ ತಿರುಗಿಸಿದ ಮೂರು ವರ್ಷಗಳ ನಂತರ, 1905ರಲ್ಲಿ, ಬೆಂಗಳೂರಿನ ಬೀದಿದೀಪಗಳು ಹೊತ್ತಿಕೊಂಡವು. ಮೈಸೂರು ಸಂಸ್ಥಾನದಲ್ಲಿ ವಿದ್ಯುತ್ ಬೆಳಕಾಗುವ ಮೊದಲು ದುಡಿಮೆಯಾಗಿ ಬಂತು. 1946ರಲ್ಲಿ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಕಂಪನಿ, ಆಮೇಲೆ ಎನ್‌ಜಿಇಎಫ್ ಬೆಂಗಳೂರನ್ನು ಮೋಟರ್ ತಯಾರಿಕೆಯ ಊರನ್ನಾಗಿ ಮಾಡಿದವು. 1960ರಲ್ಲಿ ಸ್ಥಾಪನೆಯಾದ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆಯೂ ಇಲ್ಲೇ ಇದೆ. ತಯಾರಿಸುವವರು, ಪರೀಕ್ಷಿಸುವವರು, ಬಳಸುವವರು, ಸುತ್ತುವವರು ಎಲ್ಲರೂ ಒಂದೇ ನಗರದಲ್ಲಿದ್ದಾರೆ. ಅವರಲ್ಲಿ ಕೊನೆಯವರ ಜೊತೆ ಮಾತ್ರ ಯಾವ ಯೋಜನೆಯೂ ಮಾತಾಡಿದಂತಿಲ್ಲ.

ಯೋಜನೆಗಳಿಗೆ ಕೊರತೆಯಿಲ್ಲ. 2001ರ ಇಂಧನ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ 2012ರಿಂದ ಜಾರಿಗೆ ಬಂದ ಪ್ಯಾಟ್ (ಪರ್ಫಾರ್ಮ್, ಅಚೀವ್ ಅಂಡ್ ಟ್ರೇಡ್) ಯೋಜನೆ ಸಿಮೆಂಟು, ಉಕ್ಕು, ಕಾಗದದಂಥ ದೊಡ್ಡ ಬಳಕೆದಾರರಿಗೆ ಗುರಿ ನಿಗದಿ ಮಾಡಿತು. ಪೀಣ್ಯದ ಶೆಡ್ಡು ಅದರ ಬಲೆಯ ಕಣ್ಣಿಗಿಂತ ಚಿಕ್ಕದು. 2025ರ ಜುಲೈಯಲ್ಲಿ ಆರಂಭವಾದ ಅದೀತಿ ಯೋಜನೆ ಸಣ್ಣ ಘಟಕಗಳನ್ನೇ ಉದ್ದೇಶಿಸಿದ್ದು, ಇಂಧನ ಉಳಿಸುವ ಉಪಕರಣಗಳಿಗೆ ಪಡೆದ ಸಾಲದ ಬಡ್ಡಿಯಲ್ಲಿ ಅತಿಸಣ್ಣ ಮತ್ತು ಸಣ್ಣ ಘಟಕಗಳಿಗೆ ಶೇ 5, ಮಧ್ಯಮ ಘಟಕಗಳಿಗೆ ಶೇ 3ರಷ್ಟು ನೆರವು ಕೊಡುತ್ತದೆ. ಇದು ಸರಿಯಾದ ದಿಕ್ಕು. ಆದರೆ ಸಾಲಕ್ಕೆ ಅರ್ಜಿ, ಆಡಿಟ್, ಮಂಜೂರಾತಿ ಎಂಬ ಸರಣಿ ನಡೆಯುವುದು ತಿಂಗಳುಗಳಲ್ಲಿ, ಮೋಟರ್ ಸುಡುವುದು ಶನಿವಾರ ಮಧ್ಯಾಹ್ನ ನಾಲ್ಕಕ್ಕೆ. ಬಡ್ಡಿಯ ನೆರವಿಗಿಂತ ಆ ಹೊತ್ತಿಗೆ ಬೇಕಾದದ್ದು ಎರಡು: ಕೈಗಾರಿಕಾ ವಸಾಹತಿನೊಳಗೇ ಸಾಮಾನ್ಯ ಅಳತೆಯ ಐಇ3 ಮೋಟರುಗಳು ತಕ್ಷಣ ಸಿಗುವಂತೆ ಇಟ್ಟ ಸಂಗ್ರಹ, ಮತ್ತು ಸುಟ್ಟ ಮೋಟರನ್ನು ಗುಜರಿಯ ಬೆಲೆಗಿಂತ ಸ್ವಲ್ಪ ಹೆಚ್ಚಿಗೆ ವಾಪಸು ಪಡೆದು, ಅದು ಇನ್ನೊಂದು ಶೆಡ್ಡಿಗೆ ಸೆಕೆಂಡ್ ಹ್ಯಾಂಡ್ ಆಗಿ ಹೋಗದಂತೆ ಒಡೆದುಹಾಕುವ ಏರ್ಪಾಡು. ಎರಡನೆಯದಿಲ್ಲದೆ ಮೊದಲನೆಯದು ನಷ್ಟವನ್ನು ಒಂದು ಬೀದಿಯಿಂದ ಇನ್ನೊಂದಕ್ಕೆ ವರ್ಗಾಯಿಸುತ್ತದೆ, ಅಷ್ಟೇ. ಸಣ್ಣ ಕೈಗಾರಿಕೆಗಳ ಸಂಘಗಳು ಮನಸ್ಸು ಮಾಡಿದರೆ ಇವೆರಡಕ್ಕೂ ದೆಹಲಿಯ ಕಡೆ ನೋಡಬೇಕಾಗಿಲ್ಲ.

ಘಟಕದೊಳಗಿನ ಕೆಲಸ ಇನ್ನೂ ಸರಳ. ಮೋಟರ್ ಸುಡುವ ಮೊದಲೇ ತೀರ್ಮಾನ ಆಗಿರಬೇಕು. ಒಂದು ಭಾನುವಾರ ಶೆಡ್ಡಿನ ಮೋಟರುಗಳನ್ನೆಲ್ಲ ಸುತ್ತಿ ನೋಡಿ, ಎಚ್‌ಪಿ, ದರ್ಜೆ, ನೇಮ್‌ಪ್ಲೇಟಿನ ಕರೆಂಟು, ಟಂಗ್ ಟೆಸ್ಟರಿನಲ್ಲಿ (ತಂತಿಯ ಸುತ್ತ ಹಿಡಿದು ಅಳೆಯುವ ಮೀಟರಿನಲ್ಲಿ) ಕಂಡ ಕರೆಂಟು, ವರ್ಷಕ್ಕೆ ಎಷ್ಟು ಗಂಟೆ ಓಡುತ್ತದೆ, ಎಷ್ಟು ಸಲ ಸುತ್ತಿಸಿದ್ದಾಗಿದೆ ಎಂದು ಬರೆದಿಟ್ಟರೆ, ಯಾವುದು ಮುಂದಿನ ಸಲ ಸುಟ್ಟಾಗ ಗುಜರಿಗೆ, ಯಾವುದು ವೈಂಡಿಂಗಿಗೆ ಎಂಬುದು ಆ ಹಾಳೆಯೇ ಹೇಳುತ್ತದೆ. ಅದನ್ನು ಬಣ್ಣದಲ್ಲಿ ಮೋಟರಿನ ಬೆನ್ನ ಮೇಲೇ ಬರೆದರೆ ಮಾಲೀಕರು ಊರಲ್ಲಿಲ್ಲದ ದಿನವೂ ಸೂಪರ್‌ವೈಸರಿಗೆ ಗೊಂದಲವಿರುವುದಿಲ್ಲ. ಟಂಗ್ ಟೆಸ್ಟರಿನ ಕರೆಂಟು ನೋಡಿ ಲೋಡನ್ನು ಅಂದಾಜಿಸುವಾಗ ಒಂದು ಎಚ್ಚರ: ಲೋಡ್ ಕಡಿಮೆಯಾದಾಗ ಕರೆಂಟು ಅದೇ ಪ್ರಮಾಣದಲ್ಲಿ ಇಳಿಯುವುದಿಲ್ಲ. ಟ್ಯಾಕೋಮೀಟರ್ ಹಿಡಿದು ವೇಗ ನೋಡುವುದು ಅದಕ್ಕಿಂತ ಒಳ್ಳೆಯ ಸುಳಿವು.

ವೈಂಡಿಂಗ್ ಅಂಗಡಿಯವರ ಬಳಿ ಇಂಥ ಹಾಳೆ ಆಗಲೇ ಇದೆ. ಎಣ್ಣೆಯ ಬೆರಳಚ್ಚು ಮೂಡಿದ ಆ ನೋಟ್‌ಬುಕ್ಕಿನಲ್ಲಿ ಮೋಟರಿನ ಎಚ್‌ಪಿ, ಸ್ಲಾಟುಗಳ ಸಂಖ್ಯೆ, ಕಾಯಿಲಿನ ಸುತ್ತುಗಳು, ತಂತಿಯ ಗೇಜು, ಹಾಕಿದ ತಾಮ್ರದ ತೂಕ ಎಲ್ಲವನ್ನೂ ಬರೆದಿಟ್ಟಿರುತ್ತಾರೆ. ಮೋಟರನ್ನು ಕೊಡುವ ಮೊದಲು ಲೋಡ್ ಇಲ್ಲದೆ ಓಡಿಸಿ ಕರೆಂಟು ನೋಡುವುದೂ ಅವರ ರೂಢಿ. ಮೂರು ಫೇಸಿನಲ್ಲೂ ಸಮ ಬಂತೆಂದರೆ ಕೆಲಸ ಸರಿಯಾಯಿತು ಎಂದು ಅರ್ಥ. ಆ ಹೊತ್ತಿನಲ್ಲಿ ಕರೆಂಟಿನ ಜೊತೆಗೆ ವಾಟನ್ನೂ ತೋರಿಸುವ ಮೀಟರ್ ಹಿಡಿದು ನೋಟ್‌ಬುಕ್ಕಿನಲ್ಲಿ ಇನ್ನೊಂದು ಕಾಲಂ ಎಳೆದರೆ, ಕೋರ್ ಬೆಂಕಿಯಲ್ಲಿ ಬೆಂದಿದೆಯೋ ಇಲ್ಲವೋ ಎಂಬುದು ಮುಂದಿನ ಸಲ ಅದೇ ಮೋಟರ್ ಬಂದಾಗ ಎರಡು ಸಂಖ್ಯೆಗಳಲ್ಲಿ ಕಾಣುತ್ತದೆ. ಆ ಕಾಲಂ ತೋರಿಸಿ ಐನೂರು ರೂಪಾಯಿ ಹೆಚ್ಚು ಕೇಳುವ ಅಂಗಡಿಯವನಿಗೆ ಕೊಡಲು ನಾವು ತಯಾರಿದ್ದೇವೆಯೇ ಎಂಬುದು ಮಾತ್ರ ಇನ್ನೂ ಬಗೆಹರಿದಿಲ್ಲ.